ಕೆಂಪು ಬಾಣ ಕಂಡರೆ ನಿಲ್ಲಿ

ವಾಹನ ವಿಮೆಯ ಕ್ಲೇಮ್ ವಿಭಾಗದಲ್ಲಿ 28 ವರ್ಷ ದುಡಿದು ನಿವೃತ್ತಳಾದವಳು ನಾನು. ಶಿವಮೊಗ್ಗದ ಕಚೇರಿಯಲ್ಲಿ ನನ್ನ ಮೇಜಿಗೆ ಅಪಘಾತಗಳೆಲ್ಲ ಕಡತಗಳಾಗಿ ಬರುತ್ತಿದ್ದವು. ಎಫ್‌ಐಆರ್ ಪ್ರತಿ, ಸ್ಥಳ ಮಹಜರು, ಸರ್ವೇಯರ್ ವರದಿ, ನಜ್ಜುಗುಜ್ಜಾದ ಬಾನೆಟ್ಟಿನ ಫೋಟೊ. ಮುಖಾಮುಖಿ ಡಿಕ್ಕಿಯ ಕಡತವಾದರೆ ಅದರಲ್ಲಿ ಒಂದು ವಾಕ್ಯ ಇದ್ದೇ ಇರುತ್ತಿತ್ತು: ‘ಎದುರಿನ ಗಾಡಿಯವನು ದಾರಿ ಬಿಡಲಿಲ್ಲ.’ ಇಬ್ಬರು ಚಾಲಕರೂ ಬದುಕಿದ್ದರೆ ಇಬ್ಬರ ಹೇಳಿಕೆಯಲ್ಲೂ ಅದೇ ವಾಕ್ಯ.

ಮಗಳು ಸಿಂಧು ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್‌ನಲ್ಲಿ ನರ್ಸ್. ಕಳೆದ ಮಾರ್ಚ್‌ನಲ್ಲಿ ಅವಳನ್ನು ನೋಡಲು ಹೋದಾಗ ಅವಳಿಗೆ ಸಿಕ್ಕಿದ್ದು ಎರಡೇ ದಿನ ರಜೆ. ‘ಅಮ್ಮಾ, ನಿಮ್ಮಿಬ್ಬರಿಗೂ ಬಸ್ ಟೂರ್ ಬುಕ್ ಮಾಡ್ಲಾ?’ ಅಂದಳು. ‘ಬೇಡ ಕಣೇ, ಕಾರು ಬಾಡಿಗೆಗೆ ತಗೊಂಡು ನಾನೇ ಓಡಿಸ್ತೀನಿ’ ಅಂದೆ. ನಮ್ಮನೆಯವರಿಗೆ ಡ್ರೈವಿಂಗ್ ಬರುವುದಿಲ್ಲ. ಆದರೆ ಭೂಮಾಪನ ಇಲಾಖೆಯಲ್ಲಿದ್ದವರು, ನಕ್ಷೆಯನ್ನು ಅವರಂತೆ ಓದುವವರನ್ನು ನಾನು ಕಂಡಿಲ್ಲ. ಒಂಬತ್ತು ದಿನ, ದಕ್ಷಿಣ ದ್ವೀಪದಲ್ಲಿ 1,800 ಕಿ.ಮೀ.ಗೂ ಸ್ವಲ್ಪ ಹೆಚ್ಚು ಓಡಾಡಿ ಬಂದೆವು. ಬಂದ ಮೇಲೆ ಪರಿಚಯದವರು, ಹಳೆಯ ಸಹೋದ್ಯೋಗಿಗಳು ಕೇಳುತ್ತಲೇ ಇದ್ದಾರೆ: ‘ಮೇಡಂ, ನಾವೂ ಹೋಗ್ತಿದೀವಿ, ಏನೇನು ನೋಡ್ಕೋಬೇಕು?’ ಅವರಿಗೆ ಬಿಡಿಬಿಡಿಯಾಗಿ ಹೇಳಿದ್ದನ್ನು ಇಲ್ಲಿ ಒಟ್ಟಾಗಿ ಬರೆಯುತ್ತಿದ್ದೇನೆ.

ಹೊರಡುವ ಮೊದಲು

ಹೊರದೇಶದಲ್ಲಿ ಮೊದಲ ಸಲ ಕಾರು ಹಿಡಿಯುವ ಕನ್ನಡಿಗರಿಗೆ ನ್ಯೂಜಿಲೆಂಡ್ ಒಳ್ಳೆಯ ಪಾಠಶಾಲೆ. ಅಲ್ಲೂ ನಮ್ಮಂತೆ ರಸ್ತೆಯ ಎಡಬದಿಯ ಸಂಚಾರ, ಬಲಬದಿಯಲ್ಲಿ ಸ್ಟೇರಿಂಗ್. ಅಮೆರಿಕದಲ್ಲೋ ಜರ್ಮನಿಯಲ್ಲೋ ಆದರೆ ಮೊದಲ ತಿರುವಿನಲ್ಲೇ ಕೈ ಅಭ್ಯಾಸದ ಬದಿಗೆ ಎಳೆಯುತ್ತದೆ, ಆ ಭಯ ಇಲ್ಲಿಲ್ಲ.

ಪ್ರವಾಸಿಗರು ತಮ್ಮ ದೇಶದ ಡಿಎಲ್ ಇಟ್ಟುಕೊಂಡೇ ಅಲ್ಲಿ ಓಡಿಸಬಹುದು. ಅದು ಇಂಗ್ಲಿಷಿನಲ್ಲಿರಬೇಕು, ಇಲ್ಲವಾದರೆ ಅಧಿಕೃತ ಅನುವಾದ ಬೇಕು. ನಮ್ಮ ಸ್ಮಾರ್ಟ್ ಕಾರ್ಡಿನಲ್ಲಿ ಇಂಗ್ಲಿಷ್ ಇರುವುದರಿಂದ ಅಷ್ಟೇ ಸಾಕಾಗುತ್ತದೆ. ಆದರೂ ನಾನು ಆರ್‌ಟಿಒ ಕಚೇರಿಯಲ್ಲಿ ಐಡಿಪಿ, ಅಂದರೆ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಮಾಡಿಸಿಕೊಂಡೆ. ಫಾರ್ಮ್ 4ಎ, ಪಾಸ್‌ಪೋರ್ಟ್ ಪ್ರತಿ, 1,000 ರೂಪಾಯಿ ಶುಲ್ಕ. ಒಂದು ವರ್ಷ ಚಾಲ್ತಿಯಲ್ಲಿರುತ್ತದೆ. ಐಡಿಪಿ ಒಂದೇ ಇದ್ದರೆ ಪ್ರಯೋಜನವಿಲ್ಲ, ಅದು ಡಿಎಲ್‌ನ ಜೊತೆಗಿರಬೇಕಾದ ಕಾಗದ. ಓಡಿಸುವಾಗ ಡಿಎಲ್ ಜೊತೆಯಲ್ಲಿರುವುದು ಅಲ್ಲಿ ಕಡ್ಡಾಯ. ಫೋನಿನಲ್ಲಿ ಪ್ರತಿ ಇದೆ ಎಂದು ಮೂಲ ಕಾರ್ಡನ್ನು ಮನೆಯ ಬೀರುವಿನಲ್ಲಿ ಬಿಟ್ಟು ಹೋಗಬೇಡಿ.

ನಮ್ಮ ಕಡೆಯವರಿಗೆ ಎದುರಾಗುವ ಒಂದು ತೊಡಕು ಹೆಸರಿನದು. ನನ್ನ ಡಿಎಲ್‌ನಲ್ಲಿ ಹೆಸರಿನ ಹಿಂದೆ ಎರಡು ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ಅವೇ ಬಿಡಿಸಿ ಬರೆದ ಅಪ್ಪನ ಹೆಸರು ಮತ್ತು ಊರಿನ ಹೆಸರು, ಕ್ರೆಡಿಟ್ ಕಾರ್ಡಿನಲ್ಲಿ ಗಂಡನ ಹೆಸರು. ಮೂರೂ ನಾನೇ ಎಂದು ಪರದೇಶದ ಕೌಂಟರಿನಲ್ಲಿ ನಿಂತು ವಿವರಿಸುವುದು ಕಷ್ಟ. ಹೊರಡುವ ಎರಡು ತಿಂಗಳು ಮೊದಲೇ ಡಿಎಲ್ ಮತ್ತು ಕಾರ್ಡಿನ ಹೆಸರನ್ನು ಪಾಸ್‌ಪೋರ್ಟಿಗೆ ಹೊಂದಿಸಿಕೊಂಡೆ. ಕ್ರೆಡಿಟ್ ಕಾರ್ಡ್ ಕಾರು ಓಡಿಸುವವರ ಹೆಸರಿನಲ್ಲೇ ಇರಬೇಕು. ಅದರಲ್ಲಿ ವಿದೇಶಿ ವಹಿವಾಟನ್ನು ಬ್ಯಾಂಕಿನ ಆ್ಯಪ್‌ನಲ್ಲಿ ತೆರೆದಿಟ್ಟುಕೊಳ್ಳಬೇಕು. ಬಾಡಿಗೆಯ ಜೊತೆಗೆ ಭದ್ರತೆಯೆಂದು ದೊಡ್ಡ ಮೊತ್ತವನ್ನು ಕಾರ್ಡಿನಲ್ಲಿ ತಡೆಹಿಡಿಯುತ್ತಾರಾದ್ದರಿಂದ ಅಷ್ಟು ಮಿತಿಯೂ ಇರಬೇಕು.

ಇನ್ನೊಂದು ಮಾತು. ಬೆಂಗಳೂರು ಬಿಟ್ಟು, ಸಿಂಗಪುರದಲ್ಲಿ ಇಳಿದು ಹತ್ತಿ, ಕ್ರೈಸ್ಟ್‌ಚರ್ಚ್ ಸೇರುವಷ್ಟರಲ್ಲಿ ಒಂದಿಡೀ ರಾತ್ರಿಯ ನಿದ್ದೆ ಹೋಗಿರುತ್ತದೆ. ಮಾರ್ಚ್‌ನಲ್ಲಿ ಅಲ್ಲಿಯ ಗಡಿಯಾರ ನಮಗಿಂತ ಏಳೂವರೆ ಗಂಟೆ ಮುಂದೆ. ಏರ್‌ಪೋರ್ಟಿನಿಂದಲೇ ಕಾರು ಹಿಡಿದು ಹೊರಡುವವರನ್ನು ನೋಡಿದೆ. ನಾವು ಎರಡು ದಿನ ಮಗಳ ಮನೆಯಲ್ಲಿ ಮಲಗಿ ಎದ್ದು, ಮೂರನೆಯ ದಿನ ಕಾರು ತಂದೆವು. ನಿದ್ದೆಗಣ್ಣಿನ ಅಪಘಾತಗಳ ಕಡತ ಎಷ್ಟು ದಪ್ಪವಿರುತ್ತದೆಂದು ನನಗೆ ಗೊತ್ತಿದೆ.

ಕೌಂಟರಿನ ಮುಂದೆ

ಬಾಡಿಗೆ ಕಾರಿನ ಕರಾರಿನಲ್ಲಿ ಎಲ್ಲಕ್ಕಿಂತ ಮೊದಲು ಹುಡುಕಬೇಕಾದ ಪದ ‘ಎಕ್ಸೆಸ್’. ಹಾನಿಯಾದರೆ ಮೊದಲು ನಾವು ಕೈಯಿಂದ ಕೊಡಬೇಕಾದ ಪಾಲು ಅದು, ಉಳಿದದ್ದು ವಿಮೆಯದು. ನಮ್ಮಲ್ಲೂ ಇದು ಇದೆ. 1500 ಸಿಸಿವರೆಗಿನ ಖಾಸಗಿ ಕಾರಿಗೆ ಕಡ್ಡಾಯ ಕಡಿತ 1,000 ರೂಪಾಯಿ, ಅದಕ್ಕೆ ಮೇಲ್ಪಟ್ಟು 2,000. ಸಣ್ಣ ಮೊತ್ತವಾದ್ದರಿಂದ ಇದು ಇದೆಯೆಂದೇ ಎಷ್ಟೋ ಕಾರು ಮಾಲೀಕರಿಗೆ ಗೊತ್ತಿರುವುದಿಲ್ಲ. ನಾನು ಸಹಿ ಹಾಕಿದ ಕರಾರಿನಲ್ಲಿ ಎಕ್ಸೆಸ್ 4,000 ಡಾಲರ್ ಇತ್ತು. ನಮ್ಮ ಲೆಕ್ಕದಲ್ಲಿ ಸುಮಾರು ಎರಡು ಲಕ್ಷ ರೂಪಾಯಿ. ತಪ್ಪು ಯಾರದೇ ಇರಲಿ, ಪಾರ್ಕಿಂಗಿನಲ್ಲಿ ಯಾರೋ ಗುದ್ದಿ ಹೋಗಿರಲಿ, ಮೊದಲು ನಮ್ಮ ಕಾರ್ಡಿನಿಂದ ಮುರಿದುಕೊಳ್ಳುತ್ತಾರೆ.

ದಿನಕ್ಕೆ ಇಷ್ಟು ಡಾಲರ್ ಹೆಚ್ಚು ಕೊಟ್ಟರೆ ಆ ಪಾಲನ್ನು ಇಳಿಸುತ್ತಾರೆ, ಕೆಲವೆಡೆ ಸೊನ್ನೆಗೂ ಇಳಿಸುತ್ತಾರೆ. ನಾನು ಒಂಬತ್ತು ದಿನಕ್ಕೆ ಆ ಹಣ ಕಟ್ಟಿದೆ. ಹೊಸ ರಸ್ತೆ, ಹೊಸ ಗಾಡಿ, ಬೆಟ್ಟದ ಹವೆ. ಈ ಮೂರೂ ಸೇರಿದಾಗ ಅಪಾಯವನ್ನು ನಾನೇ ಹೊರುತ್ತೇನೆನ್ನುವುದು ಉಳಿತಾಯವಾಗದು. ಆದರೆ ‘ಫುಲ್ ಕವರ್’ ಎಂಬ ಎರಡು ಪದ ನಂಬಿ ಕೂರಬೇಡಿ. ಯಾವುದು ಸೇರಿಲ್ಲ ಎಂಬ ಪಟ್ಟಿ ಓದಿ. ಟೈರು, ಮುಂದಿನ ಗಾಜು, ಗಾಡಿಯ ತಳಭಾಗ ಎಷ್ಟೋ ಕರಾರುಗಳಲ್ಲಿ ಹೊರಗಿರುತ್ತವೆ. ಪೆಟ್ರೋಲ್ ಕಾರಿಗೆ ಡೀಸೆಲ್ ತುಂಬಿಸಿದರೆ ವಿಮೆ ಬರದು. ಕರಾರಿನಲ್ಲಿ ಹೆಸರಿಲ್ಲದವರು ಸ್ಟೇರಿಂಗ್ ಹಿಡಿದಿದ್ದರಂತೂ ಇಡೀ ರಕ್ಷಣೆಯೇ ಬಿದ್ದುಹೋಗುತ್ತದೆ. ಓಡಿಸಬಾರದ ರಸ್ತೆಗಳ ಹೆಸರೂ ಅದರಲ್ಲಿರುತ್ತದೆ. ಕ್ವೀನ್ಸ್‌ಟೌನ್ ಹತ್ತಿರದ ಸ್ಕಿಪ್ಪರ್ಸ್ ಕಣಿವೆಯ ರಸ್ತೆ, ಉತ್ತರ ದ್ವೀಪದ ನೈಂಟಿ ಮೈಲ್ ಬೀಚ್ ಅಂಥವು. ಡೀಸೆಲ್ ಗಾಡಿ ತೆಗೆದುಕೊಂಡರೆ ಕಿಲೋಮೀಟರ್ ಲೆಕ್ಕದ ರಸ್ತೆ ತೆರಿಗೆ ಬೇರೆ ಇರುತ್ತದೆ. ಪೆಟ್ರೋಲ್ ಗಾಡಿಗಳ ರಸ್ತೆ ತೆರಿಗೆಯನ್ನು ಪೆಟ್ರೋಲಿನ ದರದೊಳಗೇ ವಸೂಲು ಮಾಡುತ್ತಾರೆ, ಡೀಸೆಲಿಗೆ ಪ್ರತ್ಯೇಕ. ಡೀಸೆಲ್ ಅಗ್ಗವೆಂದು ಲೆಕ್ಕ ಹಾಕುವವರು ಇದನ್ನೂ ಕೂಡಿಸಿಕೊಳ್ಳಬೇಕು.

ಕೀಲಿ ಕೈಗೆ ಬಂದ ಮೇಲೆ ಸರ್ವೇಯರ್ ಮಾಡುವಂತೆ ಕಾರಿಗೆ ಒಂದು ಸುತ್ತು ಬಂದೆ. ನಾಲ್ಕು ಬದಿ, ನಾಲ್ಕು ಚಕ್ರದ ರಿಮ್ಮು, ಮುಂದಿನ ಗಾಜು, ಒಳಗಿನ ಸೀಟು, ಪೆಟ್ರೋಲಿನ ಮುಳ್ಳು, ಓಡಿದ ಕಿಲೋಮೀಟರ್, ಎಲ್ಲದರ ಫೋಟೊ. ಹಿಂದಿನ ಎಡ ಬಾಗಿಲಿನಲ್ಲಿ ಬೆರಳುದ್ದದ ಗೀರು ಇತ್ತು, ಅವರ ಹಾಳೆಯಲ್ಲಿ ಇರಲಿಲ್ಲ. ಕೌಂಟರಿನ ಹುಡುಗಿಯನ್ನು ಕರೆದು ತೋರಿಸಿ, ಬರೆಸಿ, ಸಹಿ ಹಾಕಿಸಿಕೊಂಡೆ. ಈ ಹತ್ತು ನಿಮಿಷಕ್ಕೆ ಸಂಕೋಚ ಪಡಬಾರದು. ಬರೆದಿಟ್ಟದ್ದು ಇಬ್ಬರನ್ನೂ ಕಾಯುತ್ತದೆ.

ಗಾಯಕ್ಕೆ ಒಂದು ಲೆಕ್ಕ, ಗಾಡಿಗೆ ಇನ್ನೊಂದು

ಕರಾರು ಓದುವಾಗ ನನಗೆ ಎಲ್ಲಕ್ಕಿಂತ ಬೆರಗಾದದ್ದು ಬೇರೆ. ನ್ಯೂಜಿಲೆಂಡಿನಲ್ಲಿ ಥರ್ಡ್ ಪಾರ್ಟಿ ವಿಮೆ ಕಡ್ಡಾಯವಲ್ಲ. 1988ರ ಮೋಟಾರು ವಾಹನ ಕಾಯ್ದೆಯನ್ನೇ ಉಸಿರಾಡಿಕೊಂಡು ಬಂದವಳಿಗೆ ಇದು ನಂಬಲಾಗದ ಮಾತು. ನಮ್ಮಲ್ಲಿ ಥರ್ಡ್ ಪಾರ್ಟಿ ವಿಮೆಯಿಲ್ಲದೆ ಗಾಡಿ ರಸ್ತೆಗಿಳಿಸುವುದೇ ಅಪರಾಧ. ಅಪಘಾತದಲ್ಲಿ ಕಾಲು ಕಳೆದುಕೊಂಡವರು ಪರಿಹಾರಕ್ಕೆ ನ್ಯಾಯಮಂಡಳಿಯ ಮೆಟ್ಟಿಲು ಹತ್ತಬೇಕು, ಪೂರ್ತಿ ಪರಿಹಾರ ಬೇಕೆಂದರೆ ತಪ್ಪು ಯಾರದೆಂದು ಸಾಬೀತಾಗಬೇಕು. ಊರುಗೋಲು ಹಿಡಿದು ವರ್ಷಗಟ್ಟಲೆ ವಾಯಿದೆಗೆ ಬರುವವರನ್ನು ನಾನು ಕೋರ್ಟಿನ ವರಾಂಡದಲ್ಲಿ ಕಂಡಿದ್ದೇನೆ.

ಆ ದೇಶ ಬೇರೆ ದಾರಿ ಹಿಡಿಯಿತು. ನ್ಯಾಯಮೂರ್ತಿ ಓವೆನ್ ವುಡ್‌ಹೌಸ್ ಅವರ ಅಧ್ಯಕ್ಷತೆಯ ಆಯೋಗ 1967ರಲ್ಲಿ ವರದಿ ಕೊಟ್ಟಿತು. ಗಾಯಗೊಂಡವರಿಗೆ ತಪ್ಪು ಯಾರದೆಂದು ಕೇಳದೆ ಇಡೀ ಸಮಾಜವೇ ನೆರವಾಗಬೇಕು ಎಂಬುದು ಅದರ ಸಾರ. 1974ರ ಏಪ್ರಿಲ್ 1ರಿಂದ ಅದು ಜಾರಿಗೆ ಬಂತು. ಇಂದು ಅದನ್ನು ನಡೆಸುವ ಸಂಸ್ಥೆಯನ್ನು ಜನ ‘ಎಸಿಸಿ’ ಎನ್ನುತ್ತಾರೆ. ಅಪಘಾತದ ಗಾಯಕ್ಕೆ ಚಿಕಿತ್ಸೆಯ ನೆರವು ಅದರಿಂದ ಸಿಗುತ್ತದೆ. ಅದಕ್ಕೆ ಬದಲಾಗಿ, ಗಾಯಕ್ಕೆ ಪರಿಹಾರ ಕೋರಿ ಮತ್ತೊಬ್ಬರ ಮೇಲೆ ದಾವೆ ಹೂಡುವ ಹಕ್ಕನ್ನು ಜನ ಬಿಟ್ಟುಕೊಟ್ಟಿದ್ದಾರೆ. ಪ್ರವಾಸಿಗರಿಗೂ ಈ ರಕ್ಷಣೆ ಇದೆ. ಪೆಟ್ರೋಲಿನ ಬೆಲೆಯಲ್ಲೇ ಅದಕ್ಕೊಂದು ಪಾಲು ಸೇರಿರುವುದರಿಂದ, ಹೋಕಿಟಿಕಾದ ಬಂಕಿನಲ್ಲಿ ಟ್ಯಾಂಕ್ ತುಂಬಿಸಿದಾಗ ಯಾರೋ ಗುರುತಿಲ್ಲದವರ ಮುರಿದ ಕೈಗೆ ನಾನೂ ಒಂದಿಷ್ಟು ಕೊಟ್ಟಂತಾಯಿತು.

ಹಾಗೆಂದು ಪ್ರವಾಸ ವಿಮೆ ಬೇಡವೆಂದಲ್ಲ. ಎಸಿಸಿ ನೋಡಿಕೊಳ್ಳುವುದು ಗಾಯವನ್ನು. ಕಾಯಿಲೆಗೆ, ಊರಿಗೆ ವಾಪಸು ಕರೆತರುವ ಖರ್ಚಿಗೆ, ಊರಿನಲ್ಲಿ ನಿಂತುಹೋದ ಸಂಪಾದನೆಗೆ ಅದು ಹೊಣೆಯಲ್ಲ. ಎದುರಿನವರ ಕಾರಿಗೆ ಆದ ಹಾನಿಯೂ ಅದರ ಲೆಕ್ಕಕ್ಕೆ ಬರುವುದಿಲ್ಲ, ಅದು ನಮ್ಮ ತಲೆಗೇ. ಬಾಡಿಗೆ ಕರಾರಿನ ವಿಮೆ ಗಟ್ಟಿಯಿರಬೇಕಾದ್ದು ಅದಕ್ಕೇ.

ನೂರು ಎಂಬುದು ಮಿತಿ

ಊರಿನಲ್ಲಿ ನಾನು ಓಡಿಸುವುದು ಗೇರಿನ ಹಳೆಯ ವ್ಯಾಗನ್‌ಆರ್. ಅಲ್ಲಿ ಸಿಕ್ಕಿದ್ದು ಆಟೊಮ್ಯಾಟಿಕ್ ಕೊರೊಲ್ಲಾ. ಎಡಗಾಲು ಕ್ಲಚ್ಚನ್ನು ಹುಡುಕುತ್ತಿತ್ತು. ಬ್ರೇಕನ್ನೇ ಕ್ಲಚ್ಚೆಂದು ಎಡಗಾಲಿನಲ್ಲಿ ಒತ್ತಿಬಿಟ್ಟರೆ ಗಾಡಿ ಗಕ್ಕನೆ ನಿಲ್ಲುತ್ತದೆ, ಹಿಂದಿನವರು ಬಂದು ಗುದ್ದುತ್ತಾರೆ. ಅದಕ್ಕೇ ಮೊದಲ ಅರ್ಧ ಗಂಟೆ ಖಾಲಿ ಪಾರ್ಕಿಂಗ್ ಜಾಗದಲ್ಲಿ ಸುತ್ತು ಹೊಡೆದು, ಎಡಗಾಲನ್ನು ಸೀಟಿನ ಬುಡಕ್ಕೆ ಎಳೆದಿಟ್ಟುಕೊಳ್ಳುವುದನ್ನು ರೂಢಿ ಮಾಡಿಕೊಂಡೆ.

ಊರ ಹೊರಗಿನ ಹೆದ್ದಾರಿಗಳಲ್ಲಿ ಸಾಮಾನ್ಯವಾಗಿ ಗಂಟೆಗೆ 100 ಕಿ.ಮೀ. ಮಿತಿ, ಊರೊಳಗೆ 50. ಆದರೆ ಹೆದ್ದಾರಿಯೆಂದರೆ ತುಮಕೂರು ರಸ್ತೆಯ ಹಾಗೆ ನಡುವೆ ಗೋಡೆ ಇರುವ ಆರು ಪಥ ಎಂದುಕೊಳ್ಳಬೇಡಿ. ಬಹುಪಾಲು ಕಡೆ ಹೋಗಲೊಂದು ಪಥ, ಬರಲೊಂದು ಪಥ, ನಡುವೆ ಬಣ್ಣದ ಗೆರೆ ಮಾತ್ರ. ಹಳದಿ ಗೆರೆ ನಮ್ಮ ಬದಿಯಲ್ಲಿದ್ದರೆ ಓವರ್‌ಟೇಕ್ ಮಾಡುವಂತಿಲ್ಲ. ತಿರುವುಗಳಲ್ಲಿ 35, 45, 65 ಎಂದು ಹಳದಿ ಫಲಕಗಳಿರುತ್ತವೆ. ಆ ತಿರುವಿಗೆ ಆ ವೇಗ ಸರಿಯೆಂಬ ಸಲಹೆ ಅದು, ಅಕ್ಷರಶಃ ನಂಬಬಹುದು. ಮುಂದಿನ ಗಾಡಿಗೂ ನಮಗೂ ಎರಡು ಸೆಕೆಂಡಿನ ಅಂತರ, ಮಳೆಯಲ್ಲಿ ನಾಲ್ಕು. ಅಲ್ಲಿಯ ಸಾರಿಗೆ ಸಂಸ್ಥೆ ವಾಕಾ ಕೊಟಾಹಿ ಪ್ರವಾಸಿ ಚಾಲಕರಿಗೆಂದೇ ಇಂಥ ವ್ಯತ್ಯಾಸಗಳನ್ನು ಪಟ್ಟಿ ಮಾಡಿ ಉಚಿತವಾಗಿ ಕೊಡುತ್ತದೆ. ಹೊರಡುವ ಮೊದಲು ಇಬ್ಬರೂ ಕೂತು ಓದಿದ್ದೆವು.

‘ಸ್ಟಾಪ್’ ಫಲಕವೆಂದರೆ ಚಕ್ರ ಪೂರ್ತಿ ನಿಲ್ಲಬೇಕು, ರಸ್ತೆ ಖಾಲಿಯಿದ್ದರೂ. ವೃತ್ತದಲ್ಲಿ ಬಲಗಡೆಯಿಂದ ಬರುವವರಿಗೆ ದಾರಿ. ಹಾರ್ನ್ ಅಪಾಯ ತಿಳಿಸಲು ಮಾತ್ರ. ಒಂಬತ್ತು ದಿನದಲ್ಲಿ ನಾನು ಅದನ್ನು ಒತ್ತಲೇ ಇಲ್ಲ. ನಿಧಾನವಾಗಿ ಹೋಗುವವರಿಗೂ ಒಂದು ಕರ್ತವ್ಯವಿದೆ. ಹಿಂದೆ ಗಾಡಿಗಳು ಸಾಲುಗಟ್ಟಿದರೆ ಎಡಕ್ಕೆ ಜಾಗ ಸಿಕ್ಕ ಕಡೆ ಸರಿದು ಅವರನ್ನು ಬಿಡಬೇಕು. ನೋಟ ನೋಡುತ್ತ ನಲವತ್ತರಲ್ಲಿ ಸಾಗುವ ಪ್ರವಾಸಿಗ ನಮ್ಮ ಕಣ್ಣಿಗೆ ಜಾಗ್ರತೆಯ ಮನುಷ್ಯ. ಆದರೆ ಅವನ ಹಿಂದೆ ಹಾಲಿನ ಟ್ಯಾಂಕರಿನವನಿದ್ದಾನೆ, ಶಾಲೆಯಿಂದ ಮಗುವನ್ನು ಕರೆತರಬೇಕಾದ ತಾಯಿಯಿದ್ದಾಳೆ. ನಮಗೆ ಪ್ರವಾಸವಾದದ್ದು ಅವರಿಗೆ ದಿನನಿತ್ಯದ ಓಡಾಟ.

ಒಂದೇ ಗಾಡಿಯ ಸೇತುವೆ

ಆರ್ಥರ್ಸ್ ಪಾಸ್ ಘಟ್ಟ ಇಳಿದು ಪಶ್ಚಿಮ ಕರಾವಳಿ ಸೇರಿದರೆ ದೇಶವೇ ಬದಲಾದಂತೆ. ಒಂದು ಕಡೆ ಕಡಲು, ಇನ್ನೊಂದು ಕಡೆ ಹಿಮದ ಬೆಟ್ಟ, ನಡುವೆ ನಮ್ಮ ಮಲೆನಾಡಿನಷ್ಟೇ ದಟ್ಟವಾದ ಒದ್ದೆ ಕಾಡು. ಬೆಟ್ಟದಿಂದ ನುಗ್ಗುವ ನದಿಗಳು ಬಿಳಿ ಉರುಟುಗಲ್ಲಿನ ಅಗಲ ಪಾತ್ರದಲ್ಲಿ ಹತ್ತಾರು ಕವಲಾಗಿ ಹರಿಯುತ್ತವೆ. ಇವಕ್ಕೆ ಕಟ್ಟಿದ ಸೇತುವೆಗಳಲ್ಲಿ ಅನೇಕವು ಒಂದೇ ಗಾಡಿ ಹಿಡಿಸುವಷ್ಟು ಅಗಲ. ಜನ ಕಡಿಮೆ, ನದಿ ಬಹಳ, ಎಲ್ಲಕ್ಕೂ ಜೋಡಿ ಪಥ ಕಟ್ಟುವುದು ಆ ನಾಡಿಗೆ ಭಾರ. ನದಿಯೂ ಸುಮ್ಮನಿರುವುದಿಲ್ಲ. ಫ್ರಾನ್ಸ್ ಜೋಸೆಫ್ ಊರಿನ ವೈಹೊ ಸೇತುವೆ 2019ರ ಮಾರ್ಚ್ ಪ್ರವಾಹದಲ್ಲಿ ಕೊಚ್ಚಿಹೋಗಿತ್ತು. ಮುಂದಿನ ತಿಂಗಳೇ ಬಿಡಿಭಾಗ ಜೋಡಿಸಿ ಕಟ್ಟುವ ಬೈಲಿ ಸೇತುವೆ ಎಬ್ಬಿಸಿ ದಾರಿ ತೆರೆದರು.

ಇಂಥ ಸೇತುವೆಗೆ ಕಾವಲುಗಾರನಿಲ್ಲ, ಹೆಚ್ಚಿನ ಕಡೆ ಸಿಗ್ನಲ್ಲೂ ಇಲ್ಲ. ಎರಡೂ ತುದಿಗೆ ಒಂದೊಂದು ಫಲಕ, ಅದರಲ್ಲಿ ಎರಡು ಬಾಣ. ದುಂಡನೆಯ ಫಲಕದಲ್ಲಿ ನಮ್ಮ ದಿಕ್ಕಿನ ಬಾಣ ಚಿಕ್ಕದಾಗಿ ಕೆಂಪಗಿದ್ದು, ಎದುರಿನ ದಿಕ್ಕಿನದು ದೊಡ್ಡದಾಗಿದ್ದರೆ ನಾವು ಕಾಯಬೇಕು. ನೀಲಿ ಫಲಕದಲ್ಲಿ ನಮ್ಮ ದಿಕ್ಕಿನದು ದೊಡ್ಡ ಬಿಳಿ ಬಾಣವಾಗಿದ್ದರೆ ದಾರಿ ನಮ್ಮದು. ಆಗಲೂ, ಎದುರಿನವರು ಆಗಲೇ ಸೇತುವೆ ಹತ್ತಿದ್ದರೆ ಅವರು ದಾಟಲಿ ಎಂದು ನಿಲ್ಲಬೇಕು.

ಓದಿ ತಿಳಿದಿದ್ದರೂ ಮೊದಲ ಸಲ ನಾನು ತಪ್ಪಾಗಿ ಅರ್ಥ ಮಾಡಿಕೊಂಡೆ. ನನ್ನ ಬದಿಗೆ ನೀಲಿ ಫಲಕ. ಎದುರು ತುದಿಯಲ್ಲಿ ಹಾಲಿನ ಟ್ಯಾಂಕರ್ ನಿಂತಿತ್ತು. ಚಾಲಕ ಹೆಡ್‌ಲೈಟ್ ಮಿಣುಕಿಸಿದ. ಹುಲಿಕಲ್ ಘಾಟಿಯಲ್ಲಿ, ಆಗುಂಬೆಯ ತಿರುವುಗಳಲ್ಲಿ ಗಾಡಿ ಓಡಿಸಿದವಳಿಗೆ ಲೈಟ್ ಮಿಣುಕಿಸುವುದಕ್ಕೆ ಒಂದೇ ಅರ್ಥ: ‘ನಾನು ಬರ್ತಿದೀನಿ, ನಿಲ್ಲು.’ ನಿಂತುಬಿಟ್ಟೆ. ಅವನೂ ನಿಂತೇ ಇದ್ದ. ಮತ್ತೆ ಮಿಣುಕಿಸಿದ. ನಾನು ಅಲುಗಲಿಲ್ಲ. ಕೊನೆಗೆ ಕಿಟಕಿಯಿಂದ ಕೈ ಹೊರಗೆ ಹಾಕಿ, ಬಾ ಬಾ ಎಂದು ಕರೆದ. ‘ನಿನ್ನನ್ನೇ ಕಣೇ ಕರೀತಿರೋದು’ ಎಂದರು ನಮ್ಮನೆಯವರು. ಮಿಣುಕಿಸುವುದು ಅಲ್ಲಿಯ ನಿಯಮವಲ್ಲ, ನಿಯಮವೆಂದರೆ ಬಾಣವೇ. ಆದರೆ ಒಂದೇ ಬೆಳಕು ನಮ್ಮಲ್ಲಿ ‘ನಾನು ಮೊದಲು’, ಅವನಲ್ಲಿ ‘ನೀವು ಮೊದಲು’. ಸಂದೇಹವಿದ್ದಾಗ ನಿಂತದ್ದರಿಂದ ಕೆಟ್ಟದ್ದೇನೂ ಆಗಲಿಲ್ಲ, ಇಬ್ಬರಿಗೂ ಅರ್ಧ ನಿಮಿಷ ಹೋಯಿತು, ಅಷ್ಟೆ.

ಹಾಸ್ಟ್ ನದಿಯ ಸೇತುವೆ ಇವೆಲ್ಲಕ್ಕೂ ದೊಡ್ಡದು. ಸುಮಾರು 730 ಮೀಟರ್ ಉದ್ದ, ಅಗಲ ಮಾತ್ರ ಒಂದೇ ಗಾಡಿಯದು. ನಡುವೆ ಅಲ್ಲಲ್ಲಿ ಸರಿದು ನಿಲ್ಲಲು ಜಾಗ ಬಿಟ್ಟಿದ್ದಾರೆ. ಅರ್ಧ ದಾರಿಯಲ್ಲಿ ಎದುರಿನಿಂದ ಪಿಕಪ್ ಒಂದು ಬಂತು. ನಾನು ಸರಿದು ನಿಂತೆ. ಕೆಳಗೆ ಬೂದು ಬಣ್ಣದ ನೀರು, ಸುತ್ತ ಮಳೆ, ವೈಪರ್ ಸದ್ದು. ದಾಟುವಾಗ ಪಿಕಪ್ಪಿನ ಮುದುಕ ಸ್ಟೇರಿಂಗಿನಿಂದ ಒಂದೇ ಬೆರಳೆತ್ತಿ ತಲೆ ಬಾಗಿಸಿದ. ನಾನೂ ಬೆರಳೆತ್ತಿದೆ. ಆಗ ನನ್ನ ಕಡತಗಳ ಆ ವಾಕ್ಯ ನೆನಪಾಯಿತು. ಎದುರಿನವನು ದಾರಿ ಬಿಡಲಿಲ್ಲ ಎಂದು ಬರೆದ ಆ ನೂರಾರು ಜನರ ನಡುವೆ ಯಾರ ಸರದಿ ಮೊದಲು ಎಂದು ಹೇಳುವ ಒಂದು ಬಾಣವಿದ್ದಿದ್ದರೆ, ಅದನ್ನು ಇಬ್ಬರೂ ನಂಬಿದ್ದಿದ್ದರೆ, ಎಷ್ಟು ಕಡತಗಳು ನನ್ನ ಮೇಜಿಗೆ ಬರುತ್ತಲೇ ಇರಲಿಲ್ಲ. ಬಾಣ ಬರೆಯುವುದು ಸುಲಭ, ಎದುರಿನವರೂ ಅದನ್ನು ಪಾಲಿಸುತ್ತಾರೆಂಬ ನಂಬಿಕೆಗೆ ತಲೆಮಾರು ಬೇಕು. ಬಾಡಿಗೆ ಕಾರಿನಲ್ಲಿ ಹೋಗುವ ನಾವು ಆ ನಂಬಿಕೆಯನ್ನೂ ಅವರಿಂದ ಕಡ ತಂದಿರುತ್ತೇವೆ. ಅದಕ್ಕೆ ಗೀರು ಬಿದ್ದರೆ ಭರಿಸಲು ಯಾವ ಎಕ್ಸೆಸ್ಸೂ ಸಾಲದು.

ಸುರಂಗ, ಗಿಣಿ, ಗಾಳಿ

ಟೆ ಅನೌ ಊರಿನಿಂದ ಮಿಲ್‌ಫರ್ಡ್ ಸೌಂಡ್‌ಗೆ ಸುಮಾರು 120 ಕಿ.ಮೀ. ಹೊರಡುವ ಮೊದಲು ಟ್ಯಾಂಕ್ ತುಂಬಿಸಿಕೊಳ್ಳಬೇಕು. ದಾರಿಯುದ್ದಕ್ಕೂ ಫೋನ್ ಸಿಗ್ನಲ್ ಇಲ್ಲವೆಂದೇ ತಿಳಿಯಿರಿ. ನಮ್ಮನೆಯವರ ಕಾಗದದ ನಕ್ಷೆಗೆ ಅವತ್ತು ಬೆಲೆ ಬಂತು. ಹೋಮರ್ ಸುರಂಗ 1.2 ಕಿ.ಮೀ. ಉದ್ದ, ಮಿಲ್‌ಫರ್ಡ್ ಕಡೆಗೆ ಕಡಿದಾಗಿ ಇಳಿಯುತ್ತದೆ. 1935ರ ಆರ್ಥಿಕ ಮುಗ್ಗಟ್ಟಿನಲ್ಲಿ ಕೆಲಸವಿಲ್ಲದವರು ಗುದ್ದಲಿ ಹಿಡಿದು ಶುರುಮಾಡಿದ್ದು, ಕಾರುಗಳಿಗೆ ತೆರೆದದ್ದು 1954ರಲ್ಲಿ. ಹಿಮ ಜಾರಿ ಸತ್ತ ಕೆಲಸಗಾರರ ನೆನಪು ಆ ರಸ್ತೆಗಿದೆ. ಚಳಿಗಾಲದಲ್ಲಿ ಇಲ್ಲಿ ಚಕ್ರಕ್ಕೆ ಕಟ್ಟುವ ಸರಪಳಿ ಜೊತೆಗಿರಬೇಕೆಂದು ಫಲಕ ಹಾಕುತ್ತಾರೆ. ಹಿಮದಲ್ಲಿ ಓಡಿಸಿ ಗೊತ್ತಿಲ್ಲದ ನಮ್ಮಂಥವರು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ದಾರಿಗೆ ಬಸ್ಸನ್ನೇ ಹತ್ತುವುದು ಲೇಸು. ಮಿಲ್‌ಫರ್ಡ್‌ನಲ್ಲಿ ವರ್ಷಕ್ಕೆ 6,000 ಮಿಲಿಮೀಟರಿಗೂ ಮೀರಿ ಮಳೆ. ಆಗುಂಬೆ ಕಂಡವರಿಗೆ ಆ ಸದ್ದು ಪರಿಚಿತವೇ.

ಸುರಂಗದ ಬಾಯಲ್ಲಿ ಕಾಯುವಾಗ ಕಿಯಾ ಎಂಬ ಹಸಿರು ಬೆಟ್ಟದ ಗಿಣಿ ಬಾನೆಟ್ಟಿನ ಮೇಲೆ ಇಳಿಯಿತು. ಕಾರಿನ ರಬ್ಬರು ಕಿತ್ತು ತಿನ್ನುವುದು ಅದರ ಚಾಳಿ. ತಿಂಡಿ ಹಾಕಬಾರದು, ಅದು ಉಳಿದಿರುವುದೇ ಸ್ವಲ್ಪ. ಗಾಳಿಯದೂ ಒಂದು ಎಚ್ಚರ. ಟೆಕಾಪೊ ಸರೋವರದ ಬಯಲಿನಲ್ಲಿ ಬಾಗಿಲು ತೆರೆದ ಕೂಡಲೇ ಗಾಳಿ ಅದನ್ನು ಕೈಯಿಂದ ಕಸಿಯಿತು. ನಮ್ಮನೆಯವರು ಎರಡೂ ಕೈಯಲ್ಲಿ ಹಿಡಿದದ್ದಕ್ಕೆ ಕೀಲು ಉಳಿಯಿತು. ಗಾಳಿಗೆ ಮೂತಿ ಕೊಟ್ಟು ಕಾರು ನಿಲ್ಲಿಸಿದರೆ ಈ ಪಾಡಿಲ್ಲ ಎಂದು ಪಕ್ಕದ ಕಾರಿನವರು ಹೇಳಿಕೊಟ್ಟರು.

ಕೀಲಿ ವಾಪಸು

ಒಂಬತ್ತನೆಯ ದಿನ ಟ್ಯಾಂಕ್ ತುಂಬಿಸಿ, ಬಂಕಿನ ರಸೀದಿ ಜೋಪಾನ ಮಾಡಿ, ಮೊದಲ ದಿನದಂತೆಯೇ ಕಾರಿನ ಸುತ್ತ ಫೋಟೊ ತೆಗೆದು ಕೀಲಿ ಒಪ್ಪಿಸಿದೆ. ಹಿಂದಿನ ಎಡ ಬಾಗಿಲಿನ ಗೀರಿನ ಮೇಲೆ ಅಲ್ಲಿಯ ಹುಡುಗ ಬೆರಳಿಟ್ಟಾಗ ಸಹಿ ಹಾಕಿಸಿದ ಹಾಳೆ ತೋರಿಸಿದೆ. ತಡೆಹಿಡಿದ ಹಣ ಕೆಲವು ದಿನಗಳಲ್ಲಿ ಬಿಡುಗಡೆಯಾಯಿತು. ದಾರಿಯಲ್ಲಿ ಟೋಲ್ ಅಥವಾ ದಂಡ ಬಿದ್ದಿದ್ದರೆ ಅದು ಆಮೇಲೂ ಕಾರ್ಡಿಗೆ ಬರಬಹುದಾದ್ದರಿಂದ ಲೆಕ್ಕ ನೋಡುತ್ತಿರಬೇಕು. ತುರ್ತಿಗೆ ಅಲ್ಲಿಯ ನಂಬರು 111.

ಹೋದ ವಾರ ನನ್ನ ವಿಭಾಗದಲ್ಲೇ ಇದ್ದ ಕಿರಿಯರೊಬ್ಬರು ಮನೆಗೆ ಬಂದಿದ್ದರು. ಡಿಸೆಂಬರ್‌ನಲ್ಲಿ ಹೆಂಡತಿ ಮಕ್ಕಳೊಂದಿಗೆ ಹೊರಟಿದ್ದಾರೆ. ಮಗುವಿಗೆ ಐದು ವರ್ಷ. ಏಳು ತುಂಬುವವರೆಗೆ ಮಕ್ಕಳ ಸೀಟು ಕಡ್ಡಾಯ, ಕಾರಿನ ಜೊತೆಗೇ ಬುಕ್ ಮಾಡಿ ಎಂದೆ. ‘ಮೇಡಂ, ಒಂದು ಪಟ್ಟಿ ಬರೆದುಕೊಡಿ’ ಎಂದರು. ವಿಮೆಯಿಂದಲೇ ಶುರು ಮಾಡುತ್ತೇನೆಂದು ಅವರು ಎಣಿಸಿದ್ದರು. ಹಾಳೆಯ ತುದಿಯಲ್ಲಿ ಎರಡು ಬಾಣ ಬರೆದು, ಚಿಕ್ಕದಕ್ಕೆ ಕೆಂಪು ಪೆನ್ನಿನಲ್ಲಿ ಬಣ್ಣ ತುಂಬಿ, ಅದರ ಕೆಳಗೆ ಬರೆದೆ: ‘ಇದು ಕಂಡರೆ ನಿಲ್ಲಿ. ಸರದಿ ಅವರದು.’